ಹೆಚ್ಚು ದೂರ ಓಡಿದ ವಿದ್ಯುತ್ ಮತ್ತು ಪೆಟ್ರೋಲ್ ಕಾರುಗಳ ದೀರ್ಘಾವಧಿ ನಿರ್ವಹಣಾ ವೆಚ್ಚ: ಅರ್ಜಿದಾರರಿಗೆ ಮಾಹಿತಿ

ಹದಿನೈದು ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣ, ಬಳಸಿದ ಕಾರಿನ ಮಾಲೀಕತ್ವ ವರ್ಗಾವಣೆ ಹಾಗೂ ಬಾಡಿಗೆ ಕಾರನ್ನು ಖಾಸಗಿ ಬಳಕೆಗೆ ಪರಿವರ್ತಿಸುವ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸದರಿ ಸೇವೆಗಳ ಶುಲ್ಕವು ಕೆಲವು ಸಾವಿರ ರೂಪಾಯಿಗಳಿಗೆ ಮೀರುವುದು ವಿರಳ. ಆದರೆ ನವೀಕರಣಗೊಂಡ ಅಥವಾ ವರ್ಗಾವಣೆಯಾದ ವಾಹನದ ನಿರ್ವಹಣೆಗೆ ಮುಂದಿನ ವರ್ಷಗಳಲ್ಲಿ ತಗಲುವ ಮೊತ್ತವು ಲಕ್ಷಗಳನ್ನು ಮುಟ್ಟಬಹುದು. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನವೇ ಈ ವೆಚ್ಚವನ್ನು ಅಂದಾಜು ಮಾಡಿಕೊಳ್ಳುವುದು ಸೂಕ್ತ.

ನೋಂದಣಿ ನವೀಕರಣದ ಸಂದರ್ಭದಲ್ಲಿ ಮೋಟಾರು ವಾಹನ ನಿರೀಕ್ಷಕರು ನಡೆಸುವ ಪರಿಶೀಲನೆಯು, ಆ ದಿನದಂದು ವಾಹನವು ರಸ್ತೆಯಲ್ಲಿ ಸಂಚರಿಸಲು ಯೋಗ್ಯವಾಗಿದೆಯೇ ಎಂಬುದಕ್ಕೆ ಸೀಮಿತವಾದುದು. ಎಂಜಿನ್ ಇನ್ನೆಷ್ಟು ವರ್ಷ ಬಾಳುತ್ತದೆ, ಬ್ಯಾಟರಿಯಲ್ಲಿ ಇನ್ನೆಷ್ಟು ಸಾಮರ್ಥ್ಯ ಉಳಿದಿದೆ ಎಂಬ ವಿವರಗಳು ನೋಂದಣಿ ಪ್ರಮಾಣ ಪತ್ರದಲ್ಲಿ ಇರುವುದಿಲ್ಲ. ನವೀಕರಣವಾಯಿತು ಎಂಬ ಕಾರಣಕ್ಕೆ ವಾಹನವು ಮುಂದಿನ ಐದು ವರ್ಷ ತೊಂದರೆ ಕೊಡುವುದಿಲ್ಲ ಎಂದು ತಿಳಿಯಬಾರದು.

ವರ್ಷದ ಲೆಕ್ಕ ಮತ್ತು ಕಿಲೋಮೀಟರ್ ಲೆಕ್ಕ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದಂತೆ ಸಾರಿಗೇತರ ವಾಹನದ ನೋಂದಣಿಯು 15 ವರ್ಷಗಳ ಅವಧಿಗೆ ಸಿಂಧುವಾಗಿದ್ದು, ಆ ನಂತರ ಪ್ರತಿ ಬಾರಿ 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿದೆ. ಈ ವಿಷಯದಲ್ಲಿ ವಿದ್ಯುತ್ ಕಾರಿಗೂ ಪೆಟ್ರೋಲ್ ಕಾರಿಗೂ ವ್ಯತ್ಯಾಸವಿಲ್ಲ. ಬಾಡಿಗೆ ಕಾರುಗಳು ಸಾರಿಗೆ ವಾಹನಗಳ ವರ್ಗಕ್ಕೆ ಸೇರುವುದರಿಂದ ಅವುಗಳಿಗೆ 56ನೇ ಪ್ರಕರಣದಡಿ ಅರ್ಹತಾ ಪತ್ರ ಅಗತ್ಯ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 62ನೇ ನಿಯಮದಂತೆ ಈ ಪತ್ರವು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ನವೀಕರಣಗೊಳ್ಳತಕ್ಕದ್ದು.

ಕಾನೂನು ವರ್ಷಗಳನ್ನು ಎಣಿಸುತ್ತದೆ. ಯಂತ್ರವು ವರ್ಷ ಮತ್ತು ಕಿಲೋಮೀಟರ್ ಎರಡನ್ನೂ ಎಣಿಸುತ್ತದೆ. ತಿಂಗಳಿಗೆ 500 ಕಿ.ಮೀ. ಓಡುವ ಮನೆಯ ಕಾರು ಹದಿನೈದು ವರ್ಷದ ಕೊನೆಗೆ 90,000 ಕಿ.ಮೀ. ತಲುಪಿದರೆ, ದಿನಕ್ಕೆ 200 ಕಿ.ಮೀ. ಓಡುವ ಬಾಡಿಗೆ ಕಾರು ಒಂದೂವರೆ ವರ್ಷದೊಳಗೇ ಆ ಸಂಖ್ಯೆಯನ್ನು ದಾಟುತ್ತದೆ. ಹೆಚ್ಚು ಓಡಿದ ವಾಹನ ಯಾವುದು ಎಂಬುದಕ್ಕೆ ಅಧಿನಿಯಮದಲ್ಲಿ ವ್ಯಾಖ್ಯೆ ಇಲ್ಲ. ಈ ಪುಟದ ಮಟ್ಟಿಗೆ 1,50,000 ಕಿ.ಮೀ. ದಾಟಿದ ಅಥವಾ ಅದನ್ನು ಸಮೀಪಿಸುತ್ತಿರುವ ಕಾರನ್ನು ಹೆಚ್ಚು ಓಡಿದ ಕಾರು ಎಂದು ಪರಿಗಣಿಸಲಾಗಿದೆ.

ಪೆಟ್ರೋಲ್ ಕಾರುಗಳಿಗೆ 15 ವರ್ಷಗಳ ಮಿತಿ ಇದೆ ಎಂಬ ತಪ್ಪು ತಿಳಿವಳಿಕೆ ಸಾರ್ವಜನಿಕರಲ್ಲಿದೆ. ಅಂತಹ ನಿರ್ಬಂಧದ ಆದೇಶಗಳು ದೆಹಲಿ ರಾಷ್ಟ್ರೀಯ ರಾಜಧಾನಿ ವಲಯಕ್ಕೆ ಸಂಬಂಧಿಸಿದವು. ಕರ್ನಾಟಕದಲ್ಲಿ ನೋಂದಣಿ ನವೀಕರಣಕ್ಕೆ ಅವಕಾಶವಿದೆ. ಪ್ರಶ್ನೆ ಇರುವುದು ನವೀಕರಿಸುವುದು ಲಾಭದಾಯಕವೇ ಎಂಬುದರಲ್ಲಿ.

ಪೆಟ್ರೋಲ್ ಕಾರಿನ ವೆಚ್ಚ

ಪೆಟ್ರೋಲ್ ಕಾರಿನ ನಿರ್ವಹಣಾ ವೆಚ್ಚವು ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ. ಕಾರು ಹಳೆಯದಾದಂತೆ ಆ ಕಂತುಗಳು ಹತ್ತಿರ ಹತ್ತಿರವಾಗುತ್ತಾ ಹೋಗುತ್ತವೆ. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರನ್ನು ಸಾಮಾನ್ಯವಾಗಿ 10,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಗಾಳಿ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್, ಬೆಲ್ಟುಗಳು ತಮ್ಮ ತಮ್ಮ ಅವಧಿಗೆ ಬರುತ್ತವೆ. ಇವೆಲ್ಲ ಮೊದಲ ಲಕ್ಷ ಕಿಲೋಮೀಟರಿನ ಖರ್ಚುಗಳು, ಮಾಲೀಕರಿಗೆ ಪರಿಚಿತವಾದವು.

ಎರಡನೆಯ ಲಕ್ಷದಲ್ಲಿ ಪರಿಸ್ಥಿತಿ ಬದಲಾಗುತ್ತದೆ. ನಗರದ ದಟ್ಟಣೆಯಲ್ಲಿ ಓಡಿದ ಕಾರಿನ ಕ್ಲಚ್ ಒಮ್ಮೆಯಾದರೂ ಬದಲಾಗಿರುತ್ತದೆ, ಇಲ್ಲವೇ ಬದಲಾಗುವ ಹಂತದಲ್ಲಿರುತ್ತದೆ. ರೇಡಿಯೇಟರ್, ವಾಟರ್ ಪಂಪ್, ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್, ಇಂಧನ ಪಂಪ್, ಆಮ್ಲಜನಕ ಸಂವೇದಕ, ಎಂಜಿನ್ ಮೌಂಟುಗಳು ಒಂದರ ಹಿಂದೆ ಒಂದರಂತೆ ಸರದಿಗೆ ಬರುತ್ತವೆ. ಹೊಗೆ ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರ್ ದುಬಾರಿಯಾದ ಭಾಗ. ಅದು ಸೋತಲ್ಲಿ ವಾಯುಮಾಲಿನ್ಯ ಪರೀಕ್ಷೆಯಲ್ಲಿ ವಾಹನ ಅನುತ್ತೀರ್ಣವಾಗುತ್ತದೆ. ಎಂಜಿನ್ ಆಯಿಲ್ ಬೇಗ ಖಾಲಿಯಾಗುವುದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುವುದು, ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗುವುದು ಇವು ಎಂಜಿನ್ ಬಿಚ್ಚುವ ಮಟ್ಟದ ದುರಸ್ತಿಯ ಮುನ್ಸೂಚನೆಗಳು.

ಪೆಟ್ರೋಲ್ ಕಾರಿಗೆ ಒಂದು ಅನುಕೂಲವೂ ಇದೆ. ಅದರ ದುರಸ್ತಿ ಬಲ್ಲ ಕೆಲಸಗಾರರು ಹೋಬಳಿ ಮಟ್ಟದಲ್ಲಿಯೂ ದೊರೆಯುತ್ತಾರೆ. ಬಿಡಿಭಾಗಗಳಿಗೆ ಪರ್ಯಾಯ ತಯಾರಕರಿದ್ದಾರೆ. ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದು. ಹಳೆಯ ಪೆಟ್ರೋಲ್ ಕಾರು ಒಂದೇ ಏಟಿಗೆ ತನ್ನ ಬೆಲೆಗಿಂತ ಹೆಚ್ಚಿನ ಬಿಲ್ಲು ತರುವ ಸಂಭವ ಕಡಿಮೆ. ಈ ಕಾರಣದಿಂದಲೇ ಒಟ್ಟು ಖರ್ಚು ಎಷ್ಟಾಯಿತೆಂದು ಮಾಲೀಕರ ಅರಿವಿಗೆ ಬರುವುದು ತಡವಾಗಿ. ಹಿಂದಿನ ಮೂರು ವರ್ಷಗಳ ಬಿಲ್ಲುಗಳನ್ನು ಕೂಡಿಸಿ ನೋಡಿದವರು ಕಡಿಮೆ.

ಎಥನಾಲ್ ಮಿಶ್ರಿತ ಇಂಧನದ ವಿಷಯವನ್ನೂ ಇಲ್ಲಿಯೇ ಗಮನಿಸತಕ್ಕದ್ದು. ಶೇ. 20ರ ಎಥನಾಲ್ ಮಿಶ್ರಣದ ಗುರಿಯನ್ನು ದೇಶವು 2025ರಲ್ಲಿ ತಲುಪಿತು. 2023ರ ಏಪ್ರಿಲ್‌ಗೆ ಮುನ್ನ ತಯಾರಾದ ಅನೇಕ ಕಾರುಗಳ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳು ಈ ಪ್ರಮಾಣದ ಮಿಶ್ರಣವನ್ನು ಉದ್ದೇಶಿಸಿ ಮಾಡಿದವಲ್ಲ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ಇಂತಹ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದೆಂದು, ಅದರ ವೆಚ್ಚ ಹೆಚ್ಚಿನದಲ್ಲವೆಂದು ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ತಿಳಿಸಿದೆ. ಹಳೆಯ ಪೆಟ್ರೋಲ್ ಕಾರನ್ನು ಇಟ್ಟುಕೊಳ್ಳುವವರು ಇಂಧನ ಕೊಳವೆಗಳ ತಪಾಸಣೆಯನ್ನು ವಾರ್ಷಿಕ ಸೇವೆಯಲ್ಲಿ ಸೇರಿಸಿಕೊಳ್ಳುವುದು ಲೇಸು. ಹಣಕ್ಕಿಂತ ಬೆಂಕಿಯ ಅಪಾಯ ಇಲ್ಲಿ ಮುಖ್ಯ.

ವಿದ್ಯುತ್ ಕಾರಿನ ವೆಚ್ಚ

ವಿದ್ಯುತ್ ಕಾರಿನಲ್ಲಿ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕ್ಲಚ್, ಸೈಲೆನ್ಸರ್, ಇಂಧನ ಪಂಪ್ ಇರುವುದಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಬ್ರೇಕಿನ ಕೆಲಸದ ಬಹುಪಾಲನ್ನು ಮಾಡಿ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವುದರಿಂದ ಬ್ರೇಕ್ ಪ್ಯಾಡುಗಳು ಹೆಚ್ಚು ಕಾಲ ಬಾಳುತ್ತವೆ. ಆದರೆ ನಿರ್ವಹಣೆಯೇ ಇಲ್ಲವೆಂಬ ಮಾತು ಸರಿಯಲ್ಲ. ಬ್ಯಾಟರಿಯ ತೂಕದಿಂದಾಗಿ ಟೈರುಗಳು ಬೇಗ ಸವೆಯುತ್ತವೆ. ಸಸ್ಪೆನ್ಷನ್ ಬುಷ್, ಚಕ್ರದ ಬೇರಿಂಗ್, ಸ್ಟಿಯರಿಂಗ್ ಕೊಂಡಿಗಳು ಯಾವುದೇ ಕಾರಿನಂತೆ ಸವೆಯುತ್ತವೆ. ಬ್ರೇಕ್ ದ್ರವ, ಬ್ಯಾಟರಿ ತಂಪುಗೊಳಿಸುವ ಕೂಲೆಂಟ್, ಹವಾನಿಯಂತ್ರಣ ವ್ಯವಸ್ಥೆ, 12 ವೋಲ್ಟಿನ ಸಣ್ಣ ಬ್ಯಾಟರಿ ಇವುಗಳಿಗೆ ಕಾಲಕಾಲಕ್ಕೆ ಗಮನ ಬೇಕು. ಕರಾವಳಿ ಜಿಲ್ಲೆಗಳಲ್ಲಿ ಬ್ರೇಕ್ ಬಳಕೆ ಕಡಿಮೆಯಾದ ಕಾರಣಕ್ಕೇ ಡಿಸ್ಕುಗಳು ತುಕ್ಕು ಹಿಡಿಯುವುದುಂಟು.

ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುವ ಖರ್ಚುಗಳು ಬಹುತೇಕ ವಿದ್ಯುನ್ಮಾನ ಭಾಗಗಳಿಗೆ ಸಂಬಂಧಿಸಿದವು: ಕಾರಿನೊಳಗಿನ ಚಾರ್ಜರ್, ಹೆಚ್ಚಿನ ವೋಲ್ಟೇಜನ್ನು 12 ವೋಲ್ಟಿಗೆ ಇಳಿಸುವ ಪರಿವರ್ತಕ, ಮೋಟಾರನ್ನು ನಡೆಸುವ ಇನ್ವರ್ಟರ್, ಚಾರ್ಜಿಂಗ್ ಕಿಂಡಿ. ಇವು ಕೆಟ್ಟಾಗ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಲಾಗುತ್ತದೆ. ದುರಸ್ತಿಗೆ ತಯಾರಕರ ಸೇವಾ ಕೇಂದ್ರವನ್ನೇ ಅವಲಂಬಿಸಬೇಕಾಗುವುದು ಅನೇಕ ಜಿಲ್ಲೆಗಳ ಮಾಲೀಕರಿಗೆ ನಿಜವಾದ ತೊಡಕು. ವಾಹನವನ್ನು ಸಾಗಿಸುವ ವೆಚ್ಚ ಮತ್ತು ಕಾಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬ್ಯಾಟರಿ

ವಿದ್ಯುತ್ ಕಾರಿನ ವೆಚ್ಚದ ಪ್ರಶ್ನೆಯು ಕೊನೆಗೆ ಬಂದು ನಿಲ್ಲುವುದು ಬ್ಯಾಟರಿಯಲ್ಲಿ. ಈ ವಿಷಯದಲ್ಲಿ ಕರ್ನಾಟಕಕ್ಕೆ ದೇಶದ ಇತರ ಭಾಗಗಳಿಗಿಂತ ಹಳೆಯ ಅನುಭವವಿದೆ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಆಸನದ ಕೆಳಗೆ ಇರಿಸಿದ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಅದನ್ನು ನಡೆಸುತ್ತಿದ್ದವು. ಕಾರಿನ ಉಳಿದ ಭಾಗಗಳು ಗಟ್ಟಿಯಾಗಿದ್ದರೂ ಬ್ಯಾಟರಿಗಳನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತಿತ್ತು. ವಿದ್ಯುತ್ ಕಾರೆಂದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಖರ್ಚು ಎಂಬ ಅಭಿಪ್ರಾಯ ಬೇರೂರಿದ್ದು ಆ ದಿನಗಳಲ್ಲಿ. ಇಂದಿನ ಕಾರುಗಳಲ್ಲಿರುವ ಲಿಥಿಯಂ ಬ್ಯಾಟರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುವುದಿಲ್ಲ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಕೆನಡಾದ ಜಿಯೋಟ್ಯಾಬ್ ಸಂಸ್ಥೆಯು ಬಳಕೆಯಲ್ಲಿರುವ ಸಾವಿರಾರು ವಾಹನಗಳ ದತ್ತಾಂಶದಿಂದ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಇಳಿಕೆಯು ಸರಾಸರಿ ವರ್ಷಕ್ಕೆ ಶೇ. 1.8 ಎಂದು ಕಂಡುಬಂದಿದೆ. ಇದು ಸರಾಸರಿ ಮಾತ್ರ. ಒಂದೇ ಮಾದರಿಯ ಎರಡು ಕಾರುಗಳ ನಡುವೆಯೂ ವ್ಯತ್ಯಾಸವಿರುತ್ತದೆ. ವ್ಯತ್ಯಾಸಕ್ಕೆ ಮುಖ್ಯ ಕಾರಣಗಳು ಉಷ್ಣಾಂಶ, ಪದೇ ಪದೇ ವೇಗದ ಚಾರ್ಜಿಂಗ್, ಹಾಗೂ ಬ್ಯಾಟರಿಯನ್ನು ಪೂರ್ಣ ತುಂಬಿದ ಅಥವಾ ಪೂರ್ಣ ಬರಿದಾದ ಸ್ಥಿತಿಯಲ್ಲಿ ಬಹುಕಾಲ ನಿಲ್ಲಿಸುವುದು.

ಉಷ್ಣಾಂಶದ ಪ್ರಭಾವಕ್ಕೆ ಅಮೆರಿಕದ ಅರಿಝೋನಾ ರಾಜ್ಯದ ಪ್ರಕರಣವು ಪ್ರಸಿದ್ಧ ನಿದರ್ಶನ. ಬ್ಯಾಟರಿಯನ್ನು ದ್ರವದಿಂದ ತಂಪುಗೊಳಿಸುವ ವ್ಯವಸ್ಥೆ ಇಲ್ಲದ ನಿಸಾನ್ ಲೀಫ್ ಕಾರುಗಳು ಅಲ್ಲಿನ ಮರುಭೂಮಿಯ ಬಿಸಿಲಿನಲ್ಲಿ ನಿರೀಕ್ಷೆಗಿಂತ ಬೇಗ ಸಾಮರ್ಥ್ಯ ಕಳೆದುಕೊಂಡವೆಂದು 2012ರಲ್ಲಿ ಮಾಲೀಕರು ದೂರಿದರು. ಅದೇ ವರ್ಷದ ಕೊನೆಯಲ್ಲಿ ತಯಾರಕರು ಬ್ಯಾಟರಿಯ ಸಾಮರ್ಥ್ಯಕ್ಕೂ ಖಾತರಿ ನೀಡುವುದಾಗಿ ಘೋಷಿಸಿದರು. ಕಲಬುರಗಿ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಬೇಸಿಗೆಯನ್ನು ಬಲ್ಲವರು ಈ ಪ್ರಕರಣವನ್ನು ದೂರದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಈ ಭಾಗದವರು ಬಳಸಿದ ವಿದ್ಯುತ್ ಕಾರನ್ನು ಕೊಳ್ಳುವಾಗ ಬ್ಯಾಟರಿಗೆ ದ್ರವ ತಂಪುಕಾರಿ ವ್ಯವಸ್ಥೆ ಇದೆಯೇ ಎಂಬುದನ್ನು ಮೊದಲು ಕೇಳತಕ್ಕದ್ದು.

ಖಾತರಿಯ ಷರತ್ತುಗಳು

ದೇಶದಲ್ಲಿ ಮಾರಾಟವಾಗಿರುವ ಹಲವು ವಿದ್ಯುತ್ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿ ಇರುತ್ತದೆ. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ 2022ರಲ್ಲಿ ಅಂಗೀಕಾರವಾದ 22ನೇ ಜಾಗತಿಕ ತಾಂತ್ರಿಕ ನಿಯಮವು 5 ವರ್ಷ ಅಥವಾ 1,00,000 ಕಿ.ಮೀ.ಗೆ ಶೇ. 80, 8 ವರ್ಷ ಅಥವಾ 1,60,000 ಕಿ.ಮೀ.ಗೆ ಶೇ. 70ರಷ್ಟು ಸಾಮರ್ಥ್ಯ ಉಳಿದಿರಬೇಕೆಂದು ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿದೆ. ಇದು ಭಾರತದಲ್ಲಿ ಮಾರಾಟವಾದ ಕಾರಿಗೆ ತಾನಾಗಿಯೇ ದೊರೆಯುವ ಹಕ್ಕಲ್ಲ. ಆದರೆ ತಾಂತ್ರಿಕವಾಗಿ ಎಷ್ಟನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಅಳತೆಗೋಲಾಗಿದೆ.

"ಯಾವುದು ಮೊದಲೋ ಅಲ್ಲಿಯವರೆಗೆ" ಎಂಬ ಮಾತು ಹೆಚ್ಚು ಓಡಿದ ಕಾರಿನ ವಿಷಯದಲ್ಲಿ ಬಹು ಮುಖ್ಯ. ಮೂರು ವರ್ಷ ಹಳೆಯ ಕಾರೆಂದು ಕೊಂಡ ಬಾಡಿಗೆ ಕಾರು 1,60,000 ಕಿ.ಮೀ. ದಾಟಿದ್ದಲ್ಲಿ, ಉಳಿದ ಐದು ವರ್ಷಗಳಿಗೆ ಯಾವ ಬೆಲೆಯೂ ಇರುವುದಿಲ್ಲ. ಖಾತರಿ ಪತ್ರದಲ್ಲಿ ಇನ್ನೂ ಮೂರು ಸಂಗತಿಗಳನ್ನು ಓದಿ ನೋಡುವುದು ಅವಶ್ಯ. ಬಾಡಿಗೆ ಬಳಕೆಗೆ ಕೆಲವು ತಯಾರಕರು ಬೇರೆ ಷರತ್ತು ಇಟ್ಟಿರುತ್ತಾರೆ. ಕೆಲವು ವಿಸ್ತೃತ ಖಾತರಿಗಳು ಮೊದಲ ಮಾಲೀಕರಿಗೆ ಮಾತ್ರ ಅನ್ವಯಿಸಿ, ಮಾಲೀಕತ್ವ ವರ್ಗಾವಣೆಯೊಂದಿಗೆ ಮೊಟಕುಗೊಳ್ಳುತ್ತವೆ ಇಲ್ಲವೇ ಕೊನೆಗೊಳ್ಳುತ್ತವೆ. ಸಾಮರ್ಥ್ಯವು ಯಾವ ಮಟ್ಟಕ್ಕಿಂತ ಇಳಿದರೆ ಬದಲಿ ಸಿಗುತ್ತದೆ ಎಂಬುದನ್ನು ಬರೆದಿರದ ಪತ್ರವು ಬ್ಯಾಟರಿ ಪೂರ್ಣ ಕೆಟ್ಟಾಗ ಮಾತ್ರ ಉಪಯೋಗಕ್ಕೆ ಬರುವ ಪತ್ರ.

ಖಾತರಿಯೊಳಗಿನ ಬದಲಿಯನ್ನು ಕಾರಣವಿಲ್ಲದೆ ನಿರಾಕರಿಸಿದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿಗೆ ಅಧಿಕೃತ ಸೇವಾ ಕೇಂದ್ರದ ಲಿಖಿತ ವರದಿ ಆಧಾರವಾಗುವುದರಿಂದ, ಬಾಯಿಮಾತಿನ ಉತ್ತರವನ್ನು ಒಪ್ಪಿಕೊಂಡು ಹಿಂದಿರುಗಬಾರದು.

ಖಾತರಿ ಮುಗಿದ ಮೇಲೆ ಬ್ಯಾಟರಿಯಲ್ಲಿ ದೋಷ ಕಂಡುಬಂದಲ್ಲಿ ಇಡೀ ಬ್ಯಾಟರಿಯನ್ನೇ ಬದಲಿಸಬೇಕೆಂದಿಲ್ಲ. ಬ್ಯಾಟರಿಯು ಅನೇಕ ಮಾಡ್ಯೂಲುಗಳಿಂದ ಕೂಡಿದ್ದು, ದೋಷವು ಒಂದೆರಡು ಮಾಡ್ಯೂಲುಗಳಲ್ಲಿ ಅಥವಾ ನಿಯಂತ್ರಣ ಫಲಕದಲ್ಲಿ ಮಾತ್ರ ಇರಬಹುದು. ಯಾವ ಭಾಗದಲ್ಲಿ ದೋಷವಿದೆ ಎಂಬ ಲಿಖಿತ ವರದಿಯನ್ನು ಪಡೆದ ನಂತರವೇ ಮುಂದುವರಿಯುವುದು ಉತ್ತಮ. ಬ್ಯಾಟರಿಯ ಬೆಲೆಯೂ ಇಳಿಮುಖವಾಗಿದೆ. ಬ್ಲೂಮ್‌ಬರ್ಗ್ ಎನ್.ಇ.ಎಫ್. ಸಂಸ್ಥೆಯ ಸಮೀಕ್ಷೆಯಂತೆ ಜಾಗತಿಕ ಸರಾಸರಿ ಬೆಲೆಯು 2024ರಲ್ಲಿ ಪ್ರತಿ ಕಿಲೋವ್ಯಾಟ್ ಗಂಟೆಗೆ 115 ಡಾಲರಿಗೆ ಇಳಿಯಿತು. ಇದು ಕಾರು ತಯಾರಕರು ಸಗಟಾಗಿ ಕೊಳ್ಳುವ ಬೆಲೆ. ಸೇವಾ ಕೇಂದ್ರದಲ್ಲಿ ಒಂದು ಬಿಡಿ ಬ್ಯಾಟರಿಗೆ ಕೇಳುವ ಬೆಲೆ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಹೊಸ ವಿದ್ಯುತ್ ಕಾರಿಗೆ ಸರಕು ಮತ್ತು ಸೇವಾ ತೆರಿಗೆ ಶೇ. 5 ಆಗಿದ್ದರೂ ಬಿಡಿಯಾಗಿ ಕೊಳ್ಳುವ ಬ್ಯಾಟರಿಗೆ ಶೇ. 18 ಅನ್ವಯವಾಗುತ್ತದೆ ಎಂಬುದು ಅನೇಕರಿಗೆ ಬಿಲ್ಲು ಕೈಗೆ ಬಂದಾಗಲೇ ತಿಳಿಯುವ ಸಂಗತಿ.

ಹೊರದೇಶದ ಅಂಕಿ ಅಂಶ

ಹೆಚ್ಚು ಓಡಿದ ವಿದ್ಯುತ್ ಕಾರುಗಳ ಬಗ್ಗೆ ವಿವರವಾದ ಅಧ್ಯಯನಗಳು ಅಮೆರಿಕದಲ್ಲಿ ನಡೆದಿವೆ. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ 2021ರ ವರದಿಯಂತೆ ನಿಗದಿತ ನಿರ್ವಹಣೆಯ ವೆಚ್ಚವು ಮೈಲಿಗೆ ಪೆಟ್ರೋಲ್ ಕಾರಿಗೆ 10.1 ಸೆಂಟ್, ವಿದ್ಯುತ್ ಕಾರಿಗೆ 6.1 ಸೆಂಟ್. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯು 2020ರಲ್ಲಿ ಓಡಿದ ದೂರಕ್ಕೆ ಅನುಗುಣವಾಗಿ ಇದೇ ಲೆಕ್ಕವನ್ನು ಪ್ರಕಟಿಸಿತು:

ಮೊದಲ 50,000 ಮೈಲಿ: ವಿದ್ಯುತ್ 1.2 ಸೆಂಟ್, ಪೆಟ್ರೋಲ್ 2.8 ಸೆಂಟ್
50,000ದಿಂದ 1,00,000 ಮೈಲಿ: ವಿದ್ಯುತ್ 2.8 ಸೆಂಟ್, ಪೆಟ್ರೋಲ್ 6.0 ಸೆಂಟ್
1,00,000ದಿಂದ 2,00,000 ಮೈಲಿ: ವಿದ್ಯುತ್ 4.3 ಸೆಂಟ್, ಪೆಟ್ರೋಲ್ 7.9 ಸೆಂಟ್

ಕೆಲಸಗಾರರ ಕೂಲಿ ಅಲ್ಲಿ ಅಧಿಕವಾದುದರಿಂದ ಈ ಮೊತ್ತಗಳನ್ನು ರೂಪಾಯಿಗೆ ಪರಿವರ್ತಿಸಿ ಇಲ್ಲಿಗೆ ಅನ್ವಯಿಸುವುದು ಸರಿಯಾಗದು. ಗಮನಿಸಬೇಕಾದುದು ಪ್ರಮಾಣವನ್ನು. ಮೊದಲ ಹಂತದಿಂದ ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಎರಡೂ ಬಗೆಯ ಕಾರುಗಳ ವೆಚ್ಚ ಮೂರು ಪಟ್ಟು ಸಮೀಪಿಸುತ್ತದೆ ಅಥವಾ ದಾಟುತ್ತದೆ. ಆದರೂ ವಿದ್ಯುತ್ ಕಾರಿನ ವೆಚ್ಚ ಪೆಟ್ರೋಲ್ ಕಾರಿನ ವೆಚ್ಚದ ಅರ್ಧದ ಆಸುಪಾಸಿನಲ್ಲೇ ಉಳಿಯುತ್ತದೆ.

ಲೆಕ್ಕ ಹಾಕುವ ಕ್ರಮ

ಖಾತರಿ ಮುಗಿದ, ಹೆಚ್ಚು ಓಡಿದ ವಿದ್ಯುತ್ ಕಾರು ಕಡಿಮೆ ಬೆಲೆಗೆ ದೊರೆತಾಗ ಕೊಳ್ಳಬೇಕೇ ಬೇಡವೇ ಎಂಬುದನ್ನು ಈ ಕೆಳಕಂಡಂತೆ ನಿರ್ಧರಿಸಬಹುದು. ಇಲ್ಲಿನ ದರಗಳು ಉದಾಹರಣೆಗಾಗಿ ಹಿಡಿದವು. ಅರ್ಜಿದಾರರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳತಕ್ಕದ್ದು.

ಪೆಟ್ರೋಲ್ ಲೀಟರಿಗೆ ರೂ. 100/- ಹಾಗೂ ಕಾರು ಲೀಟರಿಗೆ 15 ಕಿ.ಮೀ. ಓಡುತ್ತದೆ ಎಂದಾದಲ್ಲಿ ಕಿಲೋಮೀಟರಿಗೆ ರೂ. 6.67. ಮನೆಯ ವಿದ್ಯುತ್ ಯೂನಿಟ್ಟಿಗೆ ರೂ. 8/-, ಚಾರ್ಜಿಂಗ್ ನಷ್ಟವೂ ಸೇರಿ ಯೂನಿಟ್ಟಿಗೆ 6 ಕಿ.ಮೀ. ಎಂದಾದಲ್ಲಿ ಕಿಲೋಮೀಟರಿಗೆ ರೂ. 1.33. ವ್ಯತ್ಯಾಸ ರೂ. 5.34. ಇದಕ್ಕೆ ಸಾಮಾನ್ಯ ನಿರ್ವಹಣೆಯ ಉಳಿತಾಯ ಕಿಲೋಮೀಟರಿಗೆ 66 ಪೈಸೆ ಸೇರಿಸಿದರೆ ಒಟ್ಟು ಉಳಿತಾಯ ಕಿಲೋಮೀಟರಿಗೆ ರೂ. 6/-. ಬದಲಿ ಬ್ಯಾಟರಿಗೆ ಸೇವಾ ಕೇಂದ್ರವು ರೂ. 5,00,000/- ದರ ನೀಡಿದೆ ಎಂದು ಭಾವಿಸಿದಲ್ಲಿ, ಆ ಮೊತ್ತ ಮರಳಿ ಬರಲು ಸುಮಾರು 83,000 ಕಿ.ಮೀ. ಓಡಬೇಕು.

ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಇದು ನಾಲ್ಕು ವರ್ಷ ಎಂಟು ತಿಂಗಳ ಅವಧಿ. ತಿಂಗಳಿಗೆ 400 ಕಿ.ಮೀ. ಓಡಿಸುವವರಿಗೆ ಹದಿನೇಳು ವರ್ಷಕ್ಕೂ ಹೆಚ್ಚು. ಮನೆಯಲ್ಲಿ ಚಾರ್ಜಿಂಗ್ ಸೌಲಭ್ಯವಿಲ್ಲದೆ ಯೂನಿಟ್ಟಿಗೆ ರೂ. 20/-ರಂತೆ ಸಾರ್ವಜನಿಕ ಕೇಂದ್ರವನ್ನೇ ನೆಚ್ಚಿದಲ್ಲಿ ಉಳಿತಾಯ ಕಿಲೋಮೀಟರಿಗೆ ರೂ. 4/-ಕ್ಕೆ ಇಳಿದು, ಓಡಬೇಕಾದ ದೂರ 1,25,000 ಕಿ.ಮೀ.ಗೆ ಏರುತ್ತದೆ.

ಹೀಗಾಗಿ ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವ ನಿವೃತ್ತ ದಂಪತಿಗೆ ಖಾತರಿ ಮುಗಿದ ಅಗ್ಗದ ವಿದ್ಯುತ್ ಕಾರು ಸರಿಯಾದ ಆಯ್ಕೆಯಲ್ಲ. ಅವರ ಬಳಿ ಈಗಾಗಲೇ ಇರುವ ಸುಸ್ಥಿತಿಯ ಪೆಟ್ರೋಲ್ ಕಾರನ್ನು ನವೀಕರಿಸಿಕೊಳ್ಳುವುದೇ ಮೇಲು. ಅದೇ ಕಾರು ದಿನವೂ ತುಮಕೂರಿನಿಂದ ಬೆಂಗಳೂರಿಗೆ ಓಡಾಡುವವರಿಗೆ, ಬ್ಯಾಟರಿ ಬದಲಿಸಬೇಕಾಗಿ ಬಂದರೂ, ಲಾಭ ತರಬಹುದು. ಹೆಚ್ಚು ಓಡಿದ ವಿದ್ಯುತ್ ಕಾರು ಹೆಚ್ಚು ಓಡಿಸುವವರಿಗೇ ಹೊಂದುತ್ತದೆ. ಕಡಿಮೆ ಬೆಲೆಯೊಂದನ್ನೇ ನೋಡಿ ಕೊಳ್ಳುವುದು ಈ ಕಾರಣಕ್ಕೆ ಅಪಾಯಕರ.

ಶುಲ್ಕ, ವಿಮೆ ಮತ್ತು ವಾಯುಮಾಲಿನ್ಯ ಪರೀಕ್ಷೆ

ಶಾಸನಬದ್ಧ ವೆಚ್ಚಗಳಲ್ಲಿ ವಿದ್ಯುತ್ ಕಾರಿಗೆ ಅನುಕೂಲವಿದೆ. ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಬ್ಯಾಟರಿ ಚಾಲಿತ ವಾಹನಗಳಿಗೆ ನೋಂದಣಿ ಮತ್ತು ಅದರ ನವೀಕರಣದ ಶುಲ್ಕದಿಂದ ವಿನಾಯಿತಿ ದೊರೆತಿದೆ. ಪೆಟ್ರೋಲ್ ಕಾರಿಗೆ 15 ವರ್ಷದ ನಂತರದ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ರೂ. 5,000/- ಆಗಿದ್ದು, 20 ವರ್ಷ ದಾಟಿದ ಲಘು ಮೋಟಾರು ವಾಹನಕ್ಕೆ 2025ರ ಆಗಸ್ಟ್‌ನ ತಿದ್ದುಪಡಿಯಂತೆ ರೂ. 10,000/- ಗೊತ್ತುಪಡಿಸಲಾಗಿದೆ. ಹಸಿರು ತೆರಿಗೆ ಇದರಲ್ಲಿ ಸೇರಿಲ್ಲ.

ಪೆಟ್ರೋಲ್ ಕಾರಿಗೆ ಮೊದಲ ವರ್ಷದ ನಂತರ ವಾಯುಮಾಲಿನ್ಯ ನಿಯಂತ್ರಣ ಪತ್ರ ಕಡ್ಡಾಯ. 115ನೇ ನಿಯಮದಂತೆ ಅದರ ಅವಧಿ 6 ತಿಂಗಳು. ಭಾರತ್ ಸ್ಟೇಜ್ 4 ಮತ್ತು ನಂತರದ ಮಾನದಂಡದ ಕಾರುಗಳಿಗೆ 12 ತಿಂಗಳು. ವಿದ್ಯುತ್ ಕಾರಿಗೆ ಈ ಪತ್ರ ಬೇಕಿಲ್ಲ.

ಮೂರನೇ ವ್ಯಕ್ತಿ ವಿಮೆಯ ಮೂಲ ಕಂತನ್ನು 2022ರ ಜೂನ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಹೀಗೆ ಗೊತ್ತುಪಡಿಸಲಾಯಿತು: 1,000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ರೂ. 2,094/-, 1,500 ಸಿ.ಸಿ.ವರೆಗೆ ರೂ. 3,416/-, ಅದಕ್ಕೂ ಮೇಲ್ಪಟ್ಟು ರೂ. 7,897/-. ವಿದ್ಯುತ್ ಕಾರುಗಳಿಗೆ 30 ಕಿಲೋವ್ಯಾಟ್‌ವರೆಗೆ ರೂ. 1,780/-, 65 ಕಿಲೋವ್ಯಾಟ್‌ವರೆಗೆ ರೂ. 2,904/-, ಅದಕ್ಕೂ ಮೇಲ್ಪಟ್ಟು ರೂ. 6,712/-. ಸ್ವಂತ ಹಾನಿಯ ವಿಮೆಯಲ್ಲಿ ಬ್ಯಾಟರಿಯೊಳಗೆ ನೀರು ಹೊಕ್ಕ ಹಾನಿ ಒಳಗೊಂಡಿದೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ರಸ್ತೆಗಳು ಜಲಾವೃತವಾಗುವ ನಗರಗಳಲ್ಲಿ ಇದು ಸಣ್ಣ ವಿಷಯವಲ್ಲ.

ಮಾಲೀಕತ್ವ ವರ್ಗಾವಣೆಗೆ ಮುನ್ನ ಪರಿಶೀಲಿಸತಕ್ಕ ಅಂಶಗಳು

ಹಿಂದೆ ಬಾಡಿಗೆಗೆ ಓಡಿದ ಕಾರನ್ನು ಮನೆಯ ಕಾರೆಂದು ಮಾರುವುದುಂಟು. ಖಾಸಗಿ ವಿದ್ಯುತ್ ಕಾರಿನ ನೋಂದಣಿ ಫಲಕದಲ್ಲಿ ಹಸಿರು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳೂ, ಬಾಡಿಗೆ ವಿದ್ಯುತ್ ಕಾರಿನಲ್ಲಿ ಹಸಿರಿನ ಮೇಲೆ ಹಳದಿ ಅಕ್ಷರಗಳೂ ಇರುತ್ತವೆ. ವರ್ಗ ಪರಿವರ್ತನೆಯಾದ ನಂತರ ಫಲಕ ಬದಲಾಗುವುದರಿಂದ ಫಲಕವೊಂದನ್ನೇ ನಂಬುವಂತಿಲ್ಲ. ವಾಹನ್ ತಂತ್ರಾಂಶದಲ್ಲಿ ವಾಹನದ ವರ್ಗ, ಮೊದಲ ನೋಂದಣಿಯ ದಿನಾಂಕ, ಎಷ್ಟನೆಯ ಮಾಲೀಕರು ಹಾಗೂ ಸಾಲದ ನಮೂದನ್ನು ಪರಿಶೀಲಿಸಿ, ಮಾರುವವರಿಂದ ಮೊದಲ ನೋಂದಣಿಯ ದಾಖಲೆಗಳನ್ನು ಕೇಳತಕ್ಕದ್ದು.

ಓಡೋಮೀಟರಿನ ಸಂಖ್ಯೆಯನ್ನು ಸೇವಾ ಕೇಂದ್ರದ ದಾಖಲೆಯೊಂದಿಗೆ ತಾಳೆ ನೋಡಬೇಕು. ವರ್ಷಕ್ಕೆ 40,000 ಕಿ.ಮೀ.ನಂತೆ ಓಡಿದ ಕಾರು ಕೊನೆಯ ವರ್ಷದಲ್ಲಿ 3,000 ಕಿ.ಮೀ. ಮಾತ್ರ ಓಡಿದೆ ಎಂದಿದ್ದಲ್ಲಿ ಕಾರಣ ಕೇಳುವುದು ತಪ್ಪಲ್ಲ. ವಿದ್ಯುತ್ ಕಾರಿಗೆ ಅಧಿಕೃತ ಸೇವಾ ಕೇಂದ್ರದಿಂದ ಬ್ಯಾಟರಿ ಆರೋಗ್ಯ ವರದಿ ಪಡೆಯುವುದು ಅತ್ಯಗತ್ಯ. ಡ್ಯಾಶ್‌ಬೋರ್ಡಿನಲ್ಲಿ ತೋರುವ ಅಂದಾಜು ದೂರವು ಹಿಂದಿನ ಕೆಲವು ದಿನಗಳ ಚಾಲನೆಯನ್ನು ಅವಲಂಬಿಸಿರುವುದರಿಂದ ಅದು ವರದಿಗೆ ಬದಲಿಯಾಗದು. ಸಾಧ್ಯವಾದಲ್ಲಿ ಪೂರ್ಣ ಚಾರ್ಜಿನಿಂದ ಶೇ. 20ರವರೆಗೆ ಓಡಿಸಿ ನೋಡುವುದು ಒಳಿತು. ಪೆಟ್ರೋಲ್ ಕಾರನ್ನು ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ ಚಾಲನೆ ಮಾಡಿ ನೋಡಬೇಕು; ಬಿಸಿಯಾದ ಎಂಜಿನ್ ಅನೇಕ ದೋಷಗಳನ್ನು ಮರೆಮಾಚುತ್ತದೆ.

ವರ್ಗಾವಣೆಗೆ ನಮೂನೆ 29 ಮತ್ತು ನಮೂನೆ 30ರಲ್ಲಿ, ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಖರೀದಿದಾರರು 30 ದಿನಗಳೊಳಗೆ ವರ್ಗಾವಣೆಯನ್ನು ವರದಿ ಮಾಡಬೇಕೆಂದು 50ನೇ ಪ್ರಕರಣವು ವಿಧಿಸುತ್ತದೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲಿನಿಂದ ಸಲ್ಲಿಸಬಹುದು. ಈ 60 ದಿನಗಳಲ್ಲಿಯೇ ದುರಸ್ತಿಯ ಅಂದಾಜನ್ನು ಲಿಖಿತವಾಗಿ ಪಡೆದು, ಅದು ವಾಹನದ ಮಾರುಕಟ್ಟೆ ಬೆಲೆಯ ಅರ್ಧವನ್ನು ಮೀರಿದಲ್ಲಿ ನವೀಕರಣದ ಬದಲು ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸುವುದನ್ನು ಪರಿಗಣಿಸಬಹುದು.

ಬ್ಯಾಟರಿ ಬದಲಾವಣೆ, ಮಾರ್ಪಾಡು ಮತ್ತು ವಿಲೇವಾರಿ

ಕಡಿಮೆ ಬೆಲೆಗೆ ದೊರೆಯುತ್ತದೆಂದು ತಯಾರಕರ ವಿನ್ಯಾಸಕ್ಕೆ ಹೊರತಾದ ಬ್ಯಾಟರಿಯನ್ನು ಅಳವಡಿಸುವುದು ಅಪಾಯಕರ. ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವ ಯಾವುದೇ ಮಾರ್ಪಾಡು ಅಧಿನಿಯಮದ 52ನೇ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅಪಘಾತ ಅಥವಾ ಬೆಂಕಿಯ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗುತ್ತದೆ. ಹಳೆಯ ಪೆಟ್ರೋಲ್ ಕಾರನ್ನು ವಿದ್ಯುತ್ ಕಾರಾಗಿ ಪರಿವರ್ತಿಸುವವರು ಎ.ಐ.ಎಸ್. 123 ಮಾನದಂಡದಂತೆ ಅನುಮೋದಿತವಾದ ಕಿಟ್‌ಗಳನ್ನು ಮಾತ್ರ, ನೋಂದಣಿ ಪ್ರಾಧಿಕಾರದ ಅನುಮತಿಯೊಂದಿಗೆ ಅಳವಡಿಸತಕ್ಕದ್ದು. ಕಾರಿನ ದೇಹವೇ ಶಿಥಿಲವಾಗಿದ್ದಲ್ಲಿ ಇಂತಹ ಪರಿವರ್ತನೆಗೆ ಹಣ ಹಾಕುವುದು ವ್ಯರ್ಥ.

ಬದಲಿಸಿದ ಹಳೆಯ ಬ್ಯಾಟರಿಯನ್ನು ಬೀದಿಯ ಗುಜರಿಯವರಿಗೆ ಕೊಡಬಾರದು, ಮನೆಯ ಕಸದೊಂದಿಗೆ ಸೇರಿಸಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು. ಬಳಕೆದಾರರು ಅದನ್ನು ಪ್ರತ್ಯೇಕವಾಗಿರಿಸಿ ಸಂಬಂಧಿತ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಪೆಟ್ರೋಲ್ ಕಾರಿನ ಸೀಸ-ಆಮ್ಲ ಬ್ಯಾಟರಿಗೂ ಇದೇ ನಿಯಮ. ವಿದ್ಯುತ್ ಕಾರಿನ ಹಳೆಯ ಬ್ಯಾಟರಿಯಲ್ಲಿ ಉಪಯುಕ್ತ ಲೋಹಗಳೂ, ಅನೇಕ ವೇಳೆ ಬಳಸಬಹುದಾದ ಸಾಮರ್ಥ್ಯವೂ ಉಳಿದಿರುವುದರಿಂದ, ಒಪ್ಪಿಸುವ ಮುನ್ನ ಅದಕ್ಕೆ ದೊರೆಯುವ ಮೊತ್ತವನ್ನು ಬದಲಿ ಬ್ಯಾಟರಿಯ ಬಿಲ್ಲಿನಲ್ಲಿ ಕಳೆಯಲಾಗಿದೆಯೇ ಎಂಬುದನ್ನು ಮಾಲೀಕರು ಲಿಖಿತವಾಗಿ ಕೇಳಿ ಪಡೆಯಬಹುದು.